‘ಹಾಗಾದ್ರೆ ಹುಡುಗಿಯಾಗಿಯೇ ಇರಬಹುದಲ್ವಾ?’: ಎರಡು ಪ್ರಶ್ನೆ ಬೆರೆತುಹೋದ ಒಂದು ಪ್ರಕರಣ

ಮೂವರೂ ಬಂದು ಕೂತರು. ಅಪ್ಪ, ಅಮ್ಮ, ನಡುವೆ 21 ವರ್ಷದ ಮಗ. ಅಪ್ಪ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಎರಡು ತಿಂಗಳ ಹಿಂದೆ ಮಗ ಮನೆಯವರಿಗೆ ಬರೆದ ಪತ್ರ. ಬಿಚ್ಚಿ ಮಡಚಿ, ಬಿಚ್ಚಿ ಮಡಚಿ ಮಡಿಕೆಗಳು ಹರಿಯುವ ಹಾಗಾಗಿದ್ದವು. ಎರಡು ಸಾಲುಗಳ ಕೆಳಗೆ ಅಪ್ಪ ಗೆರೆ ಎಳೆದಿದ್ದರು. ಒಂದು, ‘ನಾನು ಹುಡುಗಿ ಅಲ್ಲ, ಹುಡುಗ.’ ಇನ್ನೊಂದು, ‘ನನಗೆ ಇಷ್ಟವಾಗುವುದು ಹುಡುಗರು.’

“ಮೇಡಂ, ಮೊದಲನೇದು ಮಾತ್ರ ಇದ್ದಿದ್ರೆ ಹೇಗೋ ಅರ್ಥ ಮಾಡ್ಕೊಳ್ತಿದ್ದೆ. ಎರಡನೇದು ಮಾತ್ರ ಇದ್ದಿದ್ರೆ ಪತ್ರ ಬರೆಯೋ ಅಗತ್ಯಾನೇ ಇರ್ಲಿಲ್ಲ. ಎರಡೂ ಒಟ್ಟಿಗೆ ಹೇಗೆ? ಹುಡುಗರೇ ಇಷ್ಟ ಅಂದಮೇಲೆ, ಹುಡುಗಿಯಾಗಿಯೇ ಇರಬಹುದಲ್ವಾ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ ಪ್ರಶ್ನೆ ಅದು. ನಾನು ಆಪ್ತಸಮಾಲೋಚಕಿ. ಇಂಥ ಮಾತುಕತೆಗಳಲ್ಲಿ ಹಲವು ಸಲ ಕೂತಿದ್ದೇನೆ. ಆದರೆ ಇಷ್ಟು ನೇರವಾಗಿ ಈ ಗಂಟನ್ನು ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಅದಕ್ಕೇ ಈ ಪ್ರಕರಣವನ್ನು ಬರೆದಿಡುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರ ಬಿಟ್ಟಿದ್ದೇನೆ. ಹುಟ್ಟಿದಾಗ ದಾಖಲೆಯಲ್ಲಿ ಹೆಣ್ಣು ಅಂತ ಬರೆಸಿದ್ದರೂ ‘ಅವನು’ ಅಂತಲೇ ಬರೆದಿದ್ದೇನೆ, ಯಾಕೆಂದರೆ ಅವನು ತನ್ನನ್ನು ಹಾಗೇ ಕರೆದುಕೊಳ್ಳುತ್ತಾನೆ.

ನನ್ನ ಹತ್ತಿರ ಬರುವ ಮೊದಲು

ಪತ್ರ ಓದಿದ ವಾರದಲ್ಲೇ ಅವರು ಒಬ್ಬ ವೈದ್ಯರನ್ನು ಕಂಡಿದ್ದರು. ಆ ವೈದ್ಯರು ಹತ್ತು ನಿಮಿಷ ಮಾತಾಡಿದರಂತೆ. ಮುಖ್ಯವಾಗಿ ಕೇಳಿದ್ದು ಒಂದೇ ಪ್ರಶ್ನೆ: ಯಾರ ಮೇಲೆ ಆಸೆ? ‘ಹುಡುಗರ ಮೇಲೆ’ ಅಂದ ತಕ್ಷಣ ಪೆನ್ನು ಕೆಳಗಿಟ್ಟು, “ಮತ್ತೇನು ತೊಂದರೆ? ಎಲ್ಲಾ ಸರಿಯಾಗೇ ಇದೆ. ಇದು ವಯಸ್ಸಿನ ಗೊಂದಲ. ಮದುವೆ ಆದ್ರೆ ಸರಿಹೋಗುತ್ತೆ” ಅಂದರು. ಅಪ್ಪ ಅಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮಗ ಮಾತ್ರ ಅವತ್ತಿನಿಂದ ಮೂರು ವಾರ ಮನೆಯಲ್ಲಿ ಬಾಯಿ ಬಿಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ತಿನ್ನುತ್ತಿದ್ದ, ಎದ್ದು ಹೋಗುತ್ತಿದ್ದ.

ಆ ವೈದ್ಯರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರು ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದು ಪ್ರಶ್ನೆಗೆ ಬರೆದುಕೊಂಡರು. ‘ನೀನು ಯಾರು?’ ಅಂತ ಕೇಳಬೇಕಾದ ಕಡೆ ‘ನಿನಗೆ ಯಾರು ಇಷ್ಟ?’ ಅಂತ ಕೇಳಿ, ಬಂದ ಉತ್ತರದಿಂದ ಅವನು ಯಾರು ಅಂತ ತೀರ್ಮಾನ ಮಾಡಿದರು.

ನಾನೂ ಮೊದಲ ದಿನ ಒಂದು ತಪ್ಪು ಮಾಡಿದೆ. ಅದನ್ನೂ ಹೇಳಬೇಕು. “ಹುಡುಗ ಆಗ್ಬೇಕು ಅಂತ ಯಾವಾಗಿಂದ ಅನ್ನಿಸ್ತಿದೆ?” ಅಂತ ಕೇಳಿದೆ. ಅವನು ತಲೆ ಎತ್ತಿ ನೋಡಿದ. “ಆಗ್ಬೇಕು ಅಂತಲ್ಲ ಮೇಡಂ. ಇದ್ದೀನಿ. ಉಳಿದವರಿಗೆ ಕಾಣ್ಬೇಕು ಅಷ್ಟೇ.” ಒಂದು ಕ್ರಿಯಾಪದದಲ್ಲಿ ನಾನು ಎಲ್ಲಿ ನಿಂತಿದ್ದೇನೆ ಅನ್ನೋದು ಅವನಿಗೆ ಗೊತ್ತಾಗಿಬಿಟ್ಟಿತ್ತು. ನಾನು ಕ್ಷಮೆ ಕೇಳಿದೆ. ಬರೆದುಕೊಂಡಿದ್ದ ಸಾಲನ್ನು ಅವನ ಎದುರೇ ತಿದ್ದಿದೆ. ಆಮೇಲೆ ಅವನು ಸ್ವಲ್ಪ ಸಡಿಲವಾಗಿ ಕೂತ.

ಮೈ, ನಾನು, ಒಲವು

ಅಪ್ಪ ಲೆಕ್ಕಪತ್ರ ಬರೆಯುವ ಕೆಲಸದಲ್ಲಿರುವವರು. ಎರಡನೇ ಭೇಟಿಗೆ ನೋಟ್‌ಬುಕ್ ತಂದಿದ್ದರು. ಅದರಲ್ಲೇ ಮೂರು ಕಲಂ ಹಾಕೋಣ ಅಂದೆ. ದೊಡ್ಡ ದೊಡ್ಡ ಪದಗಳನ್ನು ಬದಿಗಿಟ್ಟು ಮೇಲೆ ಮೂರು ಸಣ್ಣ ಮಾತು ಬರೆದೆವು. ಮೈ. ನಾನು. ಒಲವು.

‘ಮೈ’ ಅಂದರೆ ಹುಟ್ಟಿದಾಗ ದೇಹ ನೋಡಿ ದಾಖಲೆಯಲ್ಲಿ ಗಂಡು ಅಥವಾ ಹೆಣ್ಣು ಅಂತ ಬರೆಸುತ್ತಾರಲ್ಲ, ಅದು. ಇದು ಕೂಡ ನಾವು ಅಂದುಕೊಂಡಷ್ಟು ಸರಳ ಅಲ್ಲ. ವರ್ಣತಂತು, ಹಾರ್ಮೋನು, ಅಂಗರಚನೆ ಇವೆಲ್ಲ ಗಂಡು ಅಥವಾ ಹೆಣ್ಣು ಅನ್ನುವ ಮಾಮೂಲಿ ಮಾದರಿಗೆ ಹೊಂದದೆ ಹುಟ್ಟುವವರಿದ್ದಾರೆ. ಅವರಿಗೆ ಇಂಟರ್‌ಸೆಕ್ಸ್ ಅಥವಾ ಅಂತರ್ಲಿಂಗಿ ಅನ್ನುತ್ತಾರೆ. ಅದು ದೇಹದ ವಿಷಯ. ಮುಂದಿನ ಕಲಂನಲ್ಲಿ ಬರುವ ‘ಟ್ರಾನ್ಸ್’ ಅನ್ನುವುದಕ್ಕೂ ಅದಕ್ಕೂ ಗಂಟು ಹಾಕಬಾರದು.

‘ನಾನು’ ಅಂದರೆ ಒಳಗಿನಿಂದ ತನ್ನನ್ನು ತಾನು ಏನೆಂದು ಬಲ್ಲೆ ಅನ್ನುವುದು. ಪುಸ್ತಕದ ಮಾತಿನಲ್ಲಿ ಲಿಂಗತ್ವ ಗುರುತು. ಹುಟ್ಟಿದಾಗ ಬರೆಸಿದ್ದಕ್ಕೂ ಈ ಅರಿವಿಗೂ ಹೊಂದಿಕೆ ಇದ್ದರೆ ಸಿಸ್‌ಜೆಂಡರ್, ಇಲ್ಲದಿದ್ದರೆ ಟ್ರಾನ್ಸ್‌ಜೆಂಡರ್, ಚಿಕ್ಕದಾಗಿ ಟ್ರಾನ್ಸ್. ಲ್ಯಾಟಿನ್‌ನಲ್ಲಿ ಸಿಸ್ ಅಂದರೆ ಈಚೆ, ಟ್ರಾನ್ಸ್ ಅಂದರೆ ಆಚೆ. ಇದನ್ನು ಹೇಳಿದಾಗ ಅಮ್ಮ ಮೊದಲ ಸಲ ಮಾತಾಡಿದರು. “ಹಾಗಾದ್ರೆ ನಮಗೂ ಒಂದು ಹೆಸರಿದೆಯಾ?” ಇದೆ. ಅದು ನನಗೆ ಇಷ್ಟವಾದ ಪ್ರಶ್ನೆ. ತಮಗೂ ಒಂದು ಹೆಸರಿದೆ ಅಂತ ಗೊತ್ತಾದಾಗ, ಮಗನೊಬ್ಬನೇ ವಿಚಿತ್ರ ಅನ್ನುವ ಭಾವ ಸ್ವಲ್ಪ ಕಡಿಮೆಯಾಗುತ್ತದೆ. ಗಂಡು, ಹೆಣ್ಣು ಎರಡರಲ್ಲೂ ಪೂರ್ತಿ ಕೂರದವರು ನಾನ್‌ಬೈನರಿ ಅನ್ನುವ ಪದ ಬಳಸುತ್ತಾರೆ.

‘ಒಲವು’ ಅಂದರೆ ಮನಸ್ಸು, ಆಸೆ ಯಾರ ಕಡೆ ಹರಿಯುತ್ತದೆ ಅನ್ನುವುದು. ಲೈಂಗಿಕ ಒಲವು. ಇದನ್ನು ‘ಲೈಂಗಿಕ ಆಯ್ಕೆ’ ಅಂತ ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಯಾರೂ ಕೂತು ಆರಿಸಿಕೊಂಡು ಪ್ರೀತಿಸುವುದಿಲ್ಲ ಅಲ್ವಾ? ತನ್ನ ಲಿಂಗದವರ ಕಡೆ ಒಲವಿದ್ದರೆ ಗೇ ಅಥವಾ ಲೆಸ್ಬಿಯನ್, ಒಂದಕ್ಕಿಂತ ಹೆಚ್ಚು ಲಿಂಗದವರ ಕಡೆ ಇದ್ದರೆ ಬೈಸೆಕ್ಷುವಲ್, ಯಾರ ಕಡೆಗೂ ಲೈಂಗಿಕ ಸೆಳೆತ ಇಲ್ಲದಿದ್ದರೆ ಅಥವಾ ತೀರಾ ಕಡಿಮೆ ಇದ್ದರೆ ಅಸೆಕ್ಷುವಲ್. ಒಲವಿನ ಹೆಸರನ್ನು ಇಡುವುದು ‘ನಾನು’ ಕಲಂನಿಂದ ಲೆಕ್ಕ ಹಾಕಿ, ‘ಮೈ’ ಕಲಂನಿಂದ ಅಲ್ಲ. ಅವನು ಗಂಡು. ಗಂಡಸರ ಕಡೆ ಒಲವು. ಹಾಗಾಗಿ ಅವನು ಗೇ. ಪತ್ರದಲ್ಲಿ ಅವನು ಬರೆದದ್ದೂ ಇಷ್ಟೇ.

ಅಪ್ಪ ಕಲಂಗಳನ್ನು ಬಹಳ ಹೊತ್ತು ನೋಡಿದರು. “ಎರಡು ಖಾತೆಯ ಬಾಬತ್ತನ್ನ ಒಂದೇ ಪುಟಕ್ಕೆ ಬರೆದುಬಿಟ್ಟಿದ್ದೆ” ಅಂದರು. ಆಮೇಲೆ ಅವರೇ ನಾಲ್ಕನೇ ಕಲಂ ಎಳೆದು, “ಬಟ್ಟೆ, ಕೂದಲು ಇವೆಲ್ಲ ಎಲ್ಲಿ ಬರುತ್ತೆ?” ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಹೊರಗೆ ತೋರುವ ರೀತಿಯೇ ಬೇರೆ ಸಂಗತಿ. ಕೂದಲು ಬೋಳಿಸಿಕೊಂಡ ಹೆಣ್ಣು ಹೆಣ್ಣೇ. ಬಳೆ ತೊಟ್ಟ ಗಂಡು ಗಂಡೇ. ಮಗ ಆ ದಿನ ಉದ್ದ ಕೂದಲನ್ನು ಹಿಂದೆ ಕಟ್ಟಿಕೊಂಡು ಬಂದಿದ್ದ. ಅದನ್ನು ಕತ್ತರಿಸುವ ಯೋಚನೆ ಅವನಿಗೆ ಇರಲಿಲ್ಲ. ಅಮ್ಮ ಆ ಕೂದಲನ್ನು ಇಷ್ಟು ದಿನ ಸಾಕ್ಷಿಯ ಹಾಗೆ ಹಿಡಿದುಕೊಂಡಿದ್ದರು.

ಈ ಗೊಂದಲ ಹಳೆಯದು

ಮೂರನೇ ಭೇಟಿಯಲ್ಲಿ ಅಪ್ಪ ಮತ್ತೆ ಮೊದಲಿನ ಪ್ರಶ್ನೆಗೇ ಬಂದರು. ಕಲಂ ಅರ್ಥವಾಗಿದೆ, ಮನಸ್ಸು ಒಪ್ಪುತ್ತಿಲ್ಲ ಅಂದರು. ಆಗ ನಾನು ಅವರಿಗೆ ಈ ಪದಗಳು ಎಲ್ಲಿಂದ ಬಂದವು ಅಂತ ಹೇಳಿದೆ. ಗೊಂದಲ ಅವರೊಬ್ಬರದ್ದೇ ಅಲ್ಲ ಅಂತ ಗೊತ್ತಾಗಲಿ ಅನ್ನುವುದು ನನ್ನ ಆಸೆ.

ಜರ್ಮನಿಯ ಕಾರ್ಲ್ ಹೈನ್ರಿಕ್ ಉಲ್ರಿಕ್ಸ್ 1864ರಿಂದ ಸಣ್ಣ ಸಣ್ಣ ಪುಸ್ತಿಕೆಗಳನ್ನು ಬರೆದರು. ಅವರು ಕಾನೂನು ಓದಿದವರು. ಗಂಡಸರನ್ನು ಪ್ರೀತಿಸುವ ಗಂಡಸು ಅವರು. ಅಂಥವರಿಗೆ ‘ಉರ್ನಿಂಗ್’ ಅಂತ ಹೆಸರಿಟ್ಟರು. ಇದು ಹುಟ್ಟಿನಿಂದ ಬಂದದ್ದು, ಅಪರಾಧ ಅಲ್ಲ ಅನ್ನುವುದು ಅವರ ವಾದ. 1867ರಲ್ಲಿ ಮ್ಯೂನಿಕ್‌ನಲ್ಲಿ ಕಾನೂನು ತಜ್ಞರ ಸಭೆಯಲ್ಲಿ ಎದ್ದು ನಿಂತು ಅದನ್ನೇ ಹೇಳಲು ಹೋದಾಗ ಕೂಗಾಡಿ ಕೂರಿಸಿದರು. ಅಷ್ಟು ಎದೆಗಾರಿಕೆ ಇದ್ದ ಮನುಷ್ಯ. ಆದರೆ ಅವರು ಕೊಟ್ಟ ವಿವರಣೆ ನೋಡಿ: ಗಂಡಿನ ದೇಹದೊಳಗೆ ಹೆಣ್ಣಿನ ಆತ್ಮ ಇದೆ, ಅದಕ್ಕೇ ಗಂಡಸರ ಕಡೆ ಒಲವು. ‘ನಾನು ಯಾರು’ ಮತ್ತು ‘ನನಗೆ ಯಾರು ಇಷ್ಟ’ ಎರಡೂ ಅಲ್ಲಿ ಒಂದೇ ಆಗಿವೆ. ಅದೇ ಕಾಲದಲ್ಲಿ ಕಾರ್ಲ್ ಮಾರಿಯಾ ಕೆರ್ಟ್‌ಬೆನಿ ಅನ್ನುವ ಬರಹಗಾರ ‘ಹೋಮೋಸೆಕ್ಷುವಲ್’ ಅನ್ನುವ ಪದ ಹುಟ್ಟಿಸಿದರು. 1868ರಲ್ಲಿ ಉಲ್ರಿಕ್ಸ್‌ಗೆ ಬರೆದ ಪತ್ರದಲ್ಲಿ ಅದು ಇದೆ. 1869ರಲ್ಲಿ, ಗಂಡಸರ ನಡುವಿನ ಸಂಬಂಧಕ್ಕೆ ಶಿಕ್ಷೆ ಕೊಡುತ್ತಿದ್ದ ಪ್ರಷ್ಯಾದ (ಆಗಿನ ಒಂದು ಜರ್ಮನ್ ರಾಜ್ಯ) ಕಾನೂನನ್ನು ವಿರೋಧಿಸಿ ಹೆಸರು ಹಾಕದೆ ತಂದ ಪುಸ್ತಿಕೆಗಳಲ್ಲಿ ಅಚ್ಚಾಯಿತು. ಮುಂದೆ ರೋಗದ ಹೆಸರಾಗಿ ಬಳಕೆಯಾದ ಈ ಪದ ಹುಟ್ಟಿದ್ದು ಶಿಕ್ಷೆ ಬೇಡ ಅಂತ ವಾದಿಸುವುದಕ್ಕೆ. ನನಗೆ ಇದು ಪ್ರತಿಸಲವೂ ನೋವು ಕೊಡುತ್ತದೆ.

ಎರಡನ್ನೂ ಬಿಡಿಸಲು ಕಾಲ ಬೇಕಾಯಿತು. ಬರ್ಲಿನ್‌ನ ವೈದ್ಯ ಮಾಗ್ನಸ್ ಹಿರ್ಷ್‌ಫೆಲ್ಡ್ 1910ರಲ್ಲೇ, ಬೇರೆ ಲಿಂಗದ ಬಟ್ಟೆ ತೊಡುವವರೆಲ್ಲ ಸಲಿಂಗಪ್ರೇಮಿಗಳಲ್ಲ ಅಂತ ತೋರಿಸಿ ಪುಸ್ತಕ ಬರೆದರು. ಅವರ ಸಂಸ್ಥೆಯ ಗ್ರಂಥಾಲಯವನ್ನು ನಾಜಿಗಳು 1933ರ ಮೇ ತಿಂಗಳಲ್ಲಿ ಸುಟ್ಟರು. ‘ಜೆಂಡರ್ ಐಡೆಂಟಿಟಿ’, ಅಂದರೆ ಲಿಂಗತ್ವ ಗುರುತು, ಅನ್ನುವ ಮಾತು 1964ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಸ್ಟಾಲರ್ ಮತ್ತು ಅವರ ಸಹೋದ್ಯೋಗಿಯ ಬರಹಗಳಿಂದ ಬಂತು. ಹೆಸರು ಬಂದರೂ ಎರಡನ್ನೂ ಬೆರೆಸುವ ಅಭ್ಯಾಸ ಬಿಡಲಿಲ್ಲ. ಇಲ್ಲಿಗೇ ನಾನು ಬರಬೇಕಾಗಿತ್ತು, ಲೂ ಸಲಿವನ್ ಅವರ ಬಳಿಗೆ.

ಲೂ ಸಲಿವನ್ 1951ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಟ್ರಾನ್ಸ್ ಪುರುಷ, ಅಂದರೆ ಹುಟ್ಟಿದಾಗ ಹೆಣ್ಣು ಅಂತ ದಾಖಲಾದ ಗಂಡಸು. ಗಂಡಸರನ್ನು ಪ್ರೀತಿಸುತ್ತಿದ್ದರು. ಶಸ್ತ್ರಚಿಕಿತ್ಸೆಗಾಗಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಾರ್ಯಕ್ರಮಕ್ಕೆ ಅರ್ಜಿ ಹಾಕಿದಾಗ ಅವರನ್ನು ತಿರಸ್ಕರಿಸಿದರು. ನಿಜವಾದ ಟ್ರಾನ್ಸ್ ಪುರುಷ ಹೆಂಗಸರನ್ನೇ ಇಷ್ಟಪಡಬೇಕು ಅನ್ನುವ ನಂಬಿಕೆ ಆಗಿನದ್ದು. ಅವರು ಸುಳ್ಳು ಹೇಳಿ ದಾಟಿಕೊಳ್ಳಬಹುದಿತ್ತು, ಹೇಳಲಿಲ್ಲ. ಕೊನೆಗೆ ಬೇರೆ ವೈದ್ಯರಿಂದ ಚಿಕಿತ್ಸೆ ಪಡೆದರು. ತಮ್ಮಂಥವರ ಗುಂಪು ಕಟ್ಟಿದರು. ತಮ್ಮಂಥವರೂ ಇದ್ದಾರೆ ಅಂತ ವೈದ್ಯರಿಗೆ, ತಜ್ಞರ ಸಂಘಗಳಿಗೆ ಬಿಡದೆ ಪತ್ರ ಬರೆದರು. 1991ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ವೈದ್ಯಲೋಕ ಆ ಹಳೆಯ ನಿಯಮ ಬಿಡುವುದಕ್ಕೆ ಅವರ ಹಟ ದೊಡ್ಡ ಕಾರಣ.

ಅಪ್ಪ ನೋಟ್‌ಬುಕ್ ಮುಚ್ಚಿದರು. “ಅಂದ್ರೆ ನಮ್ಮ ಡಾಕ್ಟ್ರು ಹೇಳಿದ್ದೂ ಅದನ್ನೇ. ನಾನು ಕೇಳಿದ್ದೂ ಅದನ್ನೇ.” ಮಗನ ಕಡೆ ತಿರುಗಲಿಲ್ಲ. ಆದರೆ ಕೈ ಚಾಚಿ ಅವನ ಮೊಣಕಾಲ ಮೇಲಿಟ್ಟರು.

ಅಮ್ಮನಿಗೆ ಹೇಳಲಾಗದ ಪದ

ಅಮ್ಮನ ಕಷ್ಟ ಬೇರೆಯದು. ಅವರಿಗೆ ‘ಹುಡುಗ’ ಅನ್ನುವುದಕ್ಕಿಂತ ಆಮೇಲೆ ಬರುವ ಪದ ಭಯ ತರುತ್ತಿತ್ತು. “ಅವರಿಗೆ ಏನೋ ಅಂತಾರಲ್ಲ…” ಅಂತ ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಅದು ‘ಸಲಿಂಗಕಾಮಿ’ ಅನ್ನುವ ಪದ.

ನಮ್ಮ ಪತ್ರಿಕೆಗಳಲ್ಲಿ ಇದೇ ಜಾಸ್ತಿ ಕಾಣುತ್ತದೆ. ಪದದ ಬಾಲದಲ್ಲಿ ‘ಕಾಮ’ ಕೂತಿದೆ. ಹೀಗಾಗಿ ಒಬ್ಬ ಮನುಷ್ಯನ ಪ್ರೀತಿ, ಜೊತೆ, ಜಗಳ, ಮುಪ್ಪಿನವರೆಗಿನ ಆಸರೆ ಎಲ್ಲವನ್ನೂ ಪದವೇ ಹಾಸಿಗೆಗೆ ಎಳೆದು ತರುತ್ತದೆ. ನಾನು ಅಮ್ಮನಿಗೆ ಕೇಳಿದೆ: “ನಿಮ್ಮಿಬ್ಬರನ್ನ ಯಾರಾದ್ರೂ ‘ಭಿನ್ನಲಿಂಗಕಾಮಿ ದಂಪತಿ’ ಅಂತ ಪರಿಚಯ ಮಾಡಿಸಿದ್ರೆ ಹೇಗಿರುತ್ತೆ?” ಅವರು ಮುಖ ಕೆಂಪಗೆ ಮಾಡಿಕೊಂಡು, “ಛೆ, ಹಾಗೆಲ್ಲ ಅನ್ಬಾರ್ದು” ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಗ ಮೆತ್ತಗೆ, “ಅಮ್ಮ, ನಾನು ಗೇ ಅಂತೀನಿ. ಅಷ್ಟು ಸಾಕು” ಅಂದ. ಕನ್ನಡದಲ್ಲೇ ಬೇಕು ಅನ್ನುವವರು ಸಲಿಂಗಪ್ರೇಮಿ ಅನ್ನುತ್ತಾರೆ. ನಾನೂ ಬರೆಯುವಾಗ ಅದನ್ನೇ ಬರೆಯುತ್ತೇನೆ. ಆದರೆ ಎದುರಿಗಿರುವವರು ತಮಗೆ ಯಾವ ಪದ ಬಳಸುತ್ತಾರೋ ಅದಕ್ಕೇ ಮೊದಲ ಜಾಗ.

‘ಲಿಂಗ’ ಅನ್ನುವ ಪದದ್ದೂ ಇದೇ ಪಾಡು. ದೇಹದ ಅಂಗಕ್ಕೂ ಅದೇ, ವ್ಯಾಕರಣದ ಪುಲ್ಲಿಂಗ ಸ್ತ್ರೀಲಿಂಗಕ್ಕೂ ಅದೇ, ಗಂಡು ಹೆಣ್ಣು ಅನ್ನುವ ದಾಖಲೆಗೂ ಅದೇ. ಮೇಲಿನಿಂದ ಲಿಂಗತ್ವ, ಲೈಂಗಿಕ, ಸಲಿಂಗ, ತೃತೀಯಲಿಂಗಿ, ದ್ವಿಲಿಂಗಿ ಎಲ್ಲ ಅದೇ ಬೇರಿನಿಂದ. ಕಿವಿಗೆ ಎಲ್ಲವೂ ಒಂದೇ ಥರ ಕೇಳಿಸಿದರೆ ಜನ ಹೇಗೆ ಬಿಡಿಸಿ ನೋಡಬೇಕು? ಅದರಲ್ಲೂ ‘ದ್ವಿಲಿಂಗಿ’ ಪದವನ್ನು ಬೈಸೆಕ್ಷುವಲ್ ಅನ್ನುವುದಕ್ಕೆ ಬಳಸಿದಾಗ ಒಂದೇ ದೇಹದಲ್ಲಿ ಗಂಡು ಹೆಣ್ಣು ಎರಡೂ ಇದೆ ಅನ್ನುವ ಅರ್ಥ ಹೊರಡುತ್ತದೆ. ಒಲವಿನ ಪದ ಮೈಯ ಪದವಾಗಿಬಿಡುತ್ತದೆ. ಅಪ್ಪನ ಮೂರು ಕಲಂ ಅಷ್ಟು ಉಪಯೋಗಕ್ಕೆ ಬಂದದ್ದು ಇದಕ್ಕೇ ಅನ್ನಿಸುತ್ತದೆ. ಅಲ್ಲಿ ‘ಲಿಂಗ’ ಅನ್ನುವ ಅಕ್ಷರವೇ ಇರಲಿಲ್ಲ.

“ಇದು ಕಾಯಿಲೆಯಾ?” ಅಂತಲೂ ಅಮ್ಮ ಕೇಳಿದರು. ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಸಲಿಂಗಪ್ರೇಮವನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತೆಗೆಯಿತು. ಟ್ರಾನ್ಸ್ ಆಗಿರುವುದಕ್ಕೆ ಸಂಬಂಧಿಸಿದ ಪದ ಬದಲಾಗಲು ಇನ್ನೂ ತಡವಾಯಿತು. 2013ರಲ್ಲಿ ಅದೇ ಅಮೆರಿಕದ ಸಂಘದ ಕಾಯಿಲೆಗಳ ಕೈಪಿಡಿ ‘ಗುರುತಿನ ಅಸ್ವಸ್ಥತೆ’ ಅನ್ನುವ ಹಳೆಯ ಹೆಸರು ಬಿಟ್ಟು ‘ಡಿಸ್ಫೋರಿಯಾ’ ಅಂದಿತು. ಮೈಗೂ ಅರಿವಿಗೂ ಹೊಂದದೆ ಆಗುವ ತಳಮಳ ಅಂತ ಅದರ ಅರ್ಥ. ನೋಡಬೇಕಾದದ್ದು ಸಂಕಟವನ್ನು, ಮನುಷ್ಯ ಯಾರು ಅನ್ನುವುದನ್ನಲ್ಲ. ಎಲ್ಲಾ ಟ್ರಾನ್ಸ್ ಜನರಿಗೂ ಈ ತಳಮಳ ಒಂದೇ ತೂಕದಲ್ಲಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ತಂದ ಹೊಸ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ಹೊರಗೆ ಇಟ್ಟಿದೆ. ಅಮ್ಮ ಇಸವಿಗಳನ್ನು ಎಣಿಸುತ್ತಾ, “ಇಷ್ಟು ದೊಡ್ಡವರಿಗೇ ಇಷ್ಟು ವರ್ಷ ಹಿಡೀತಾ?” ಅಂದರು. ಹಿಡಿಯಿತು.

ಬಂದ, ಬಂದಳು, ಬಂತು

ಪದಗಳ ಪಟ್ಟಿ ಕಲಿತರೂ ಮನೆಯಲ್ಲಿ ನಾಲಿಗೆ ಕೇಳಬೇಕಲ್ಲ. ಕನ್ನಡದಲ್ಲಿ ಇದಕ್ಕೊಂದು ವಿಶೇಷ ಇದೆ. ‘ನಾನು ಬಂದೆ’, ‘ನೀನು ಬಂದೆ’ ಅನ್ನುವಲ್ಲಿ ಗಂಡು ಹೆಣ್ಣು ಇಲ್ಲ. ಮೂರನೆಯವರ ಬಗ್ಗೆ ಹೇಳುವಾಗ ಮಾತ್ರ ಬಂದ, ಬಂದಳು ಅಂತ ಕ್ರಿಯಾಪದವೇ ಲಿಂಗ ಹೇಳುತ್ತದೆ. ಅಂದರೆ ಎದುರಾಎದುರು ಕೂತಾಗ ತೊಂದರೆ ಕಡಿಮೆ. ಅವನು ಪಕ್ಕದ ಕೋಣೆಯಲ್ಲಿದ್ದಾಗ, ಫೋನಿನಲ್ಲಿ ಅವನ ಬಗ್ಗೆ ಹೇಳುವಾಗ, ಅಲ್ಲಿ ಎಡವುತ್ತಾರೆ. ಮಗ ಇದನ್ನೇ ಹೇಳಿದ: “ಎದುರಿಗೆ ಎಲ್ಲ ಸರಿಯಾಗೇ ಮಾತಾಡ್ತಾರೆ. ಗೋಡೆ ಆಚೆಯಿಂದ ‘ಅವಳು ಮಲಗಿದ್ದಾಳೆ’ ಅಂತ ಕೇಳಿಸುತ್ತೆ.”

ಎದುರಿನ ಮಾತಿನಲ್ಲೂ ‘ಬಾರೇ’, ‘ಬಾರೋ’, ‘ಕಣೇ’, ‘ಕಣೋ’ ಇವೆ ನಿಜ. ಅದನ್ನು ಅಪ್ಪ ಬೇಗ ಕಲಿತರು. ಯಾಕೆಂದರೆ ಅವನು ಚಿಕ್ಕವನಿದ್ದಾಗ ಮುದ್ದಿಗೆ ‘ಬಾರೋ ಪುಟ್ಟ’ ಅಂತಲೇ ಕರೆಯುತ್ತಿದ್ದರಂತೆ. ಹಳೆಯ ಮಾತೇ ವಾಪಸ್ ಬಂತು. 12 ವರ್ಷದ ತಮ್ಮ ಒಂದೇ ಸಂಜೆಯಲ್ಲಿ ‘ಅಕ್ಕ’ ಬಿಟ್ಟು ‘ಅಣ್ಣ’ ಹಿಡಿದ. ಅವನಿಗೆ ಯಾರೂ ಏನೂ ವಿವರಿಸಿ ಹೇಳಲಿಲ್ಲ, ಅಣ್ಣನೇ ಕೇಳಿಕೊಂಡಿದ್ದ ಅಷ್ಟೇ.

ಅಮ್ಮ ಒಂದು ಉಪಾಯ ಕಂಡುಕೊಂಡರು. ‘ಅವನು’ ಬಾಯಿಗೆ ಬರುತ್ತಿರಲಿಲ್ಲ, ‘ಅವಳು’ ಅಂದರೆ ಮಗನಿಗೆ ನೋವು. ಹಾಗಾಗಿ ‘ಮಗು’ ಅನ್ನತೊಡಗಿದರು. ಮಗು ಬಂತು. ಮಗು ಊಟ ಮಾಡ್ತು. ಮಗು ಅಂದರೆ ಕನ್ನಡ ಗಂಡೋ ಹೆಣ್ಣೋ ಕೇಳುವುದಿಲ್ಲ. ನಾನು ಮಗನನ್ನು ಒಂಟಿಯಾಗಿ ಕೇಳಿದೆ, ಇದು ನಿನಗೆ ಹೇಗೆ ಅನ್ನಿಸುತ್ತದೆ ಅಂತ. “ಇದು ಸದಾ ಹೀಗೇ ಇದ್ರೆ ಬೇಡ. ಅಮ್ಮ ದಾರಿಯಲ್ಲಿದ್ದಾರೆ ಅಂತಾದ್ರೆ ಪರವಾಗಿಲ್ಲ” ಅಂದ. ನಾನ್‌ಬೈನರಿ ಆದವರು ಕೆಲವರು ‘ಅವರು’ ಅಂತ ಕರೆಯಿರಿ ಅನ್ನುತ್ತಾರೆ. ಮರ್ಯಾದೆಗೆ ನಾವು ದಿನವೂ ಬಳಸುವ ಪದ ಅದು. ಹೊಸದಾಗಿ ಏನೂ ಕಟ್ಟಬೇಕಿಲ್ಲ. ಇವನಿಗೆ ಮಾತ್ರ ಅದು ಬೇಡವಾಗಿತ್ತು. “ಅವರು ಅಂದ್ರೆ ದೂರದವರ ಹಾಗೆ. ನಂಗೆ ‘ಅವನು’ ಸಾಕು.”

ಆರು ಭೇಟಿಗಳ ನಂತರ

ಈಗ ಎಲ್ಲಿಗೆ ಬಂದಿದೆ ಅಂದರೆ: ಮದುವೆಯ ಮಾತು ನಿಂತಿದೆ. ಅಪ್ಪ ಮಗ ಇಬ್ಬರೂ ಸೇರಿ ಬೇರೊಬ್ಬ ವೈದ್ಯರನ್ನು ಕಂಡು ಬಂದಿದ್ದಾರೆ, ಹಾರ್ಮೋನ್ ಚಿಕಿತ್ಸೆಯ ಬಗ್ಗೆ ತಿಳಿದುಕೊಳ್ಳಲು. ಅವಸರ ಇಲ್ಲ, ಕೇಳಿ ಯೋಚಿಸುತ್ತೇನೆ ಅಂತ ಮಗ ಹೇಳಿದ್ದಾನೆ. ಆ ವೈದ್ಯರು ಮೊದಲು ಕೇಳಿದ್ದು ‘ನಿಮ್ಮನ್ನ ಹೇಗೆ ಕರೆಯಲಿ?’ ಅಂತ. ಅಪ್ಪ ಅದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಬಂದು ನನಗೆ ತೋರಿಸಿದರು. ಸಂಬಂಧಿಕರಿಗೆ ಏನು ಹೇಳುವುದು, ಯಾರಿಗೆ ಹೇಳದೆ ಇರುವುದು ಅನ್ನುವುದು ಇನ್ನೂ ಬಾಕಿ. ಅದನ್ನು ಮಗನೇ ತೀರ್ಮಾನಿಸಬೇಕು, ಅವನ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳುವ ಹಾಗಿಲ್ಲ ಅಂತ ಮೂವರೂ ಮಾತಾಡಿಕೊಂಡಿದ್ದಾರೆ.

ನನ್ನ ಕಡತದ ಮೊದಲ ಪುಟದಲ್ಲಿ ಹಿಂದಿನ ವೈದ್ಯರ ಚೀಟಿಯ ಪ್ರತಿ ಇದೆ. ‘ವಯಸ್ಸಿನ ಗೊಂದಲ’ ಅಂತ ಬರೆದದ್ದು. ತೆಗೆದು ಹಾಕಿಲ್ಲ. ಅದರ ಕೆಳಗೆ ಅವನದೇ ಮಾತಿನಲ್ಲಿ ಎರಡು ಸಾಲು ಸೇರಿಸಿದ್ದೇನೆ, ಪತ್ರದಲ್ಲಿ ಅಪ್ಪ ಗೆರೆ ಎಳೆದ ಅದೇ ಎರಡು ಸಾಲು.

ಮೊನ್ನೆ ಅಮ್ಮ ಫೋನ್ ಮಾಡಿದ್ದರು. ಮುಂದಿನ ವಾರದ ಸಮಯ ಕೇಳಿದರು. ಮೂವರಿಗಾ ಅಂದೆ. ಅವರು ಹೇಳಿದ್ದನ್ನು ಹಾಗೇ ಬರೆದಿಟ್ಟುಕೊಂಡಿದ್ದೇನೆ: “ಇಲ್ಲ ಮೇಡಂ, ಒಬ್ಬಳೇ ಬರ್ತೀನಿ. ಒಂದು ವಿಷಯ ಕೇಳ್ಬೇಕು. ಅವನ ಮುಂದೆ ಕೇಳೋಕೆ ಆಗಲ್ಲ.”